ಒಡೆಯದ ದನಿ

ಹಾರ್ಮೋನಿಯಂ ರಿಪೇರಿ ಮಾಡುವ ಮಡಿವಾಳಪ್ಪನ ಮನೆಗೆ ಆ ಭಾನುವಾರ ಗದಗಿನಿಂದ ಗಂಡ ಹೆಂಡತಿ ಬಂದಿದ್ದರು. ಅವರ ಎಂಟು ವರ್ಷದ ಮಗ ಚೆನ್ನಾಗಿ ಹಾಡುತ್ತಿದ್ದ. ದನಿ ಒಡೆಯದಂತೆ ಅವನಿಗೆ ಸೂಜಿ ಹಾಕಿಸಲು ಸಂಗೀತ ಶಾಲೆಯವರು ಒಪ್ಪಿಗೆ ಪತ್ರ ಕೊಟ್ಟಿದ್ದರು. ಸಹಿ ಮಾಡುವ ಮೊದಲು, ತನ್ನ ಮಗನಿಗೆ ಅದೇ ಸೂಜಿ ಹಾಕಿಸಿದ್ದ ಮಡಿವಾಳಪ್ಪನನ್ನು ಒಮ್ಮೆ ಕೇಳೋಣವೆಂದು ಬಂದಿದ್ದರು.

"ಏನೂ ಯೋಚನಿ ಮಾಡಬ್ಯಾಡ್ರಿ," ಎಂದ ಮಡಿವಾಳಪ್ಪ, ಬಂದವರಿಗೆಲ್ಲ ಹೇಳುವಂತೆ. "ನಮ್ಮ ಗುರುಬಸವನ ಹಾಡು ಕೇಳಾಕ ಮಂದಿ ಎಲ್ಲೆಲ್ಲಿಂದಲೋ ಬರ್ತಾರ."

ಮೂವತ್ತೆರಡು ವರ್ಷದ ಗುರುಬಸವ ಚಹಾ ತಂದಿಟ್ಟ. ಅವನ ಗಲ್ಲದ ಮೇಲೆ ಒಂದು ಕೂದಲೂ ಇರಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಅವನು ಹಲೋ ಎಂದು ತುಸು ಹೊತ್ತು ಕೇಳಿ, ಅದನ್ನು ಅಪ್ಪನ ಕೈಗೆ ಕೊಟ್ಟ.

"ಗ್ಯಾಸಿನವರು. ದೊಡ್ಡವರಿದ್ರ ಕೊಡು ಪುಟ್ಟಾ ಅಂತಾರ."

ಅದು ದಿನಾ ಆಗುವ ಮಾತು. ಆದರೆ ಬಂದಿದ್ದ ಹೆಂಗಸು ಅವನ ಮುಖವನ್ನೇ ನೋಡುತ್ತಿದ್ದಳು.

"ನಿಮಗೇನನಸ್ತದರೀ, ಅಣ್ಣಾರ?"

ಸೂಜಿ ಹಾಕಿಸಿದ ಮೇಲಿನ ಇಪ್ಪತ್ನಾಲ್ಕು ವರ್ಷಗಳಲ್ಲಿ ಮಡಿವಾಳಪ್ಪ ಒಮ್ಮೆಯೂ ಮಗನನ್ನು ಹೀಗೆ ಕೇಳಿರಲಿಲ್ಲ.

"ಜ್ವರದ ಸೂಜಿ ಅಂತ ಅಪ್ಪ ಹೇಳಿದ್ದ," ಎಂದ ಗುರುಬಸವ, ಎಳೆಯ ದನಿಯಲ್ಲಿ. "ನನಗೇನೂ ಗೊತ್ತಿರಲಿಲ್ಲ. ಗೆಳೆಯರದೆಲ್ಲಾ ದನಿ ಒಡೀತು. ನನಗೂ ಅಪ್ಪನಂಗ ದಪ್ಪ ದನಿ ಬರ್ತದಂತ ಹದಿನೇಳರ ತನಕಾ ಕಾದೆ."

ಮಡಿವಾಳಪ್ಪನ ಕೈಯಲ್ಲಿದ್ದ ಫೋನು ಹಲೋ ಹಲೋ ಎನ್ನುತ್ತಲೇ ಇತ್ತು. ಕೊನೆಗೆ ತನ್ನ ದಪ್ಪ ದನಿಗೆ ತಾನೇ ನಾಚಿ, ಅವನು ಗದಗಿನವರಿಗೆ ಪಿಸುಮಾತಿನಲ್ಲಿ ಹೇಳಿದ:

"ಸಹಿ ಮಾಡಬ್ಯಾಡ್ರಿ."