ಮೂರನೇ ಕರೆ

ಪೂನಮ್ ಕೊಡದ ಬಾಯಿಗೆ ಬಟ್ಟೆ ಕಟ್ಟಿ ಬಾವಿಯ ನೀರು ಸೋಸುತ್ತಿದ್ದಾಗ ಬೆಳಗಾವಿಯ ಆಸ್ಪತ್ರೆಯಿಂದ ಫೋನ್ ಬಂತು. ಒದ್ದೆ ಕೈಯಲ್ಲೇ ಎತ್ತಿದಳು. ನಿನ್ನೆ ಸಿಕ್ಕ ಕಿಡ್ನಿ ಅವಳ ಗಂಡ ವಿಪುಲನಿಗೆ ಹೊಂದಲಿಲ್ಲ, ಬೇರೆಯವರಿಗೆ ಕೊಟ್ಟೆವು, ಡಯಾಲಿಸಿಸ್ ನಡೆಯಲಿ, ಮತ್ತೆ ಕರೆಯುತ್ತೇವೆ ಎಂದರು.

“ಮೂರನೇ ಸಲ ರೀ ಅತ್ತಿ! ವಾರಕ್ಕ ಎರಡ ಸಲ ಖಾನಾಪುರದಿಂದ ಬೆಳಗಾವಿಗೆ ಕರಕೊಂಡ ಹೋಗಿ ಹೋಗಿ ಸಾಕಾಗೇತಿ ನನಗ.”

ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಕುಳಿತಿದ್ದ ಅತ್ತೆ ಶಾಂತಮ್ಮ, “ದೇವರು ಪರೀಕ್ಷಾ ಮಾಡಾಕತ್ತಾನ, ತಡಕೋಬೇಕವಾ. ಇವತ್ತಲ್ಲ ನಾಳಿ ಕಿಡ್ನಿ ಕೊಟ್ಟ ಕೊಡತಾನ. ಬಸದಿಗೆ ಹೋಗಿ ಬೇಡಕೊಳ್ಳೂಣು,” ಎಂದರು.

“ಮೂರು ವರ್ಷಾತು. ನಿಮ್ಮ ದೇವರ ಪರೀಕ್ಷಾಕ್ಕ ರಿಜಲ್ಟ್ ಇಲ್ಲೇನ್ರಿ?”

ಸೋಸಿದ ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಅದನ್ನು ಹಿಂಡದೆ, ನೀರು ಸುರಿದು ಅವನ್ನು ಬಾವಿಗೇ ಮರಳಿ ಬಿಡುವುದು ಆ ಜೈನ ಮನೆಯ ಪದ್ಧತಿ. ಪೂನಮ್ ಬಟ್ಟೆಯನ್ನು ಬಿಚ್ಚಿದವಳೇ ಹಿಂಡಿ ಕಲ್ಲಿನ ಮೇಲೆ ಎಸೆದುಬಿಟ್ಟಳು. ಶಾಂತಮ್ಮನ ಜಪ ನಿಂತಿತು. ಒಂಬತ್ತು ವರ್ಷದ ಮಗಳು ಶರ್ವರಿ ಓಡಿ ಬಂದು ಬಟ್ಟೆಯನ್ನು ಎತ್ತಿಕೊಂಡಳು. ಸೋಸಿದ ನೀರನ್ನು ಅದರ ಮೇಲೆ ಸುರಿಯುತ್ತ, ಉಳಿದಿದ್ದಷ್ಟನ್ನಾದರೂ ಬಾವಿಗೆ ಬಿಟ್ಟಳು. ಪೂನಮ್‌ಗೆ ನಾಚಿಕೆಯಾಯಿತು. ಮಗಳ ತಲೆ ಸವರಿದಳು.

“ಅವ್ವಾ, ಪಪ್ಪಾಗ ಕೊಡೂ ಕಿಡ್ನಿ ಸತ್ತವರದ ಹೌದಿಲ್ಲೋ?”

“ಹೂಂ, ಬಂಗಾರಾ.”

ಶರ್ವರಿ ಅಜ್ಜಿಯನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದಳು.

“ಹಂಗಾರ ನಾವು ದಿನಾ ಬಸದ್ಯಾಗ ಬೇಡಕೊಳ್ಳೂದು, ಯಾರರ ಸಾಯ್ಲಿ ಅಂತೇನು?”