ಟೈಲರಮ್ಮನ ಸೈಕಲ್ ಚಡ್ಡಿ

ಹನ್ನೆರಡನೇ ಕಿಲೋಮೀಟರಿನ ಕಲ್ಲಿನ ಹತ್ತಿರ ಟೈಲರಮ್ಮ ಸೈಕಲ್ಲಿನಿಂದ ಇಳಿದು ನಿಂತುಬಿಟ್ಟಳು. ಪರದೇಶದ ಆ ನುಣುಪು ರಸ್ತೆಯಲ್ಲಿ ಹುಡುಕಿದರೂ ಒಂದು ಗುಂಡಿಯಿರಲಿಲ್ಲ. ಆದರೂ ಸೀಟಿನ ಮೇಲೆ ಕೂತರೆ ಜೀವ ಬಾಯಿಗೆ ಬರುತ್ತಿತ್ತು. ಬೆಳಗ್ಗೆ ಸೈಕಲ್ ಪ್ರವಾಸಕ್ಕೆ ಜೊತೆಗೆ ಹೊರಟ ಎಂಟು ಮಂದಿ ಆಗಲೇ ತಿರುವಿನಾಚೆ ಮಾಯವಾಗಿದ್ದರು. ಹಿಂದೆ ಬರುತ್ತಿದ್ದ ಮಗಳು ಬ್ರೇಕು ಹಿಡಿದಳು. ಅವಳ ಹಿಂದೆ ಗೈಡಿನ ವ್ಯಾನೂ ನಿಂತಿತು.

"ಮೊಣಕಾಲು ತಾನೆ? ನಂಗೊತ್ತಿತ್ತು," ಎಂದಳು ಮಗಳು. "ಆಪರೇಷನ್ ಆಗಿ ಇನ್ನೂ ಒಂದೂವರೆ ವರ್ಷ ಆಗಿಲ್ಲ, ಬೇಡಮ್ಮ ಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ? ಸಾಕು, ವ್ಯಾನ್ ಹತ್ತು."

"ಮೊಣಕಾಲು ಗುಂಡುಕಲ್ಲಿನ ಹಾಗಿದೆ. ನೀನು ಸುಮ್ನಿರು."

ವ್ಯಾನು ಹತ್ತುವುದೆಂದರೆ ಬರೀ ಹತ್ತುವುದಲ್ಲ. ಹೊರಡುವ ಮುಂಚೆ ಗೈಡು ಎಲ್ಲರನ್ನೂ ನಿಲ್ಲಿಸಿಕೊಂಡು ನಿಯಮ ಹೇಳಿದ್ದ, ಮಗಳು ಬೇಕೆಂದೇ ಅದನ್ನು ಅಮ್ಮನಿಗೆ ಎರಡೆರಡು ಸಲ ಬಿಡಿಸಿ ಹೇಳಿದ್ದಳು. ನಾಳೆಯಿಂದ ಬರೀ ಗುಡ್ಡದ ದಾರಿ. ಆದ್ದರಿಂದ ಮೊದಲ ದಿನ ಯಾರು ಅರ್ಧದಲ್ಲಿ ವ್ಯಾನು ಹತ್ತುತ್ತಾರೋ ಅವರ ಸೈಕಲ್ ಸಂಜೆಯೇ ಅಂಗಡಿಗೆ ವಾಪಸ್. ಉಳಿದ ಐದು ದಿನ ಅವರು ಕಿಟಕಿಯಲ್ಲೇ ಊರು ನೋಡಬೇಕು. ಮಗಳಿಗೆ ಬೇಕಾಗಿದ್ದೂ ಅದೇ. ಕೆಟ್ಟವಳೇನಲ್ಲ, ಮಹಾ ಹೆದರುಪುಕ್ಕಲಿ. ಅಮ್ಮನಿಗಿರಲಿ ಎಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಒಂದು ದಿಂಬನ್ನೂ ಇಡಿಸಿದ್ದಳು.

ಗೈಡು ಇಳಿದು ಬಂದು ಏನೋ ಕೇಳಿದ.

"ಎಲ್ಲಿ ನೋವು ಅಂತ ಕೇಳ್ತಿದಾನಮ್ಮ. ಹೇಳು."

"ಅದು ಗಂಡಸರ ಹತ್ರ ಹೇಳೋ ಜಾಗ ಅಲ್ಲ."

ಮಗಳು ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಟ ವಾಪಸು ಬಂದು ಸೊಂಟದ ಕೆಳಗೆ ನಿಂತಿತು. "ಅಮ್ಮಾ, ಆ ಸೈಕಲ್ ಚಡ್ಡಿ ಯಾಕಿಷ್ಟು ಚಪ್ಪಟೆ ಆಗಿದೆ?"

ಟೈಲರಮ್ಮ ಆಚೆ ಬೇಲಿಯ ಕಡೆ ನೋಡಿದಳು. "ಹೊಲಿಗೆ ಸರಿಯಿರಲಿಲ್ಲ ಕಣೇ. ಕೂರೋ ಜಾಗದಲ್ಲಿ ಇಷ್ಟು ದಪ್ಪ ಸ್ಪಂಜು ಸೇರಿಸಿ ಹೊಲಿದಿದ್ದ, ಯಾವನೋ ಕೈಗೆಟ್ಟವನು. ಇಷ್ಟು ದುಬಾರಿ ಬಟ್ಟೆ, ನೋಡಕ್ಕಾಗದೆ ನಿನ್ನೆ ಕೂತು ಬಿಚ್ಚಿ ತೆಗೆದೆ. ಎಷ್ಟು ನೀಟಾಗಿ ಬಿಚ್ಚಿದೀನಿ ನೋಡು, ಎಲ್ಲಾದ್ರೂ ಗೊತ್ತಾಗುತ್ತಾ?"

"ಅಯ್ಯೋ ನನ್ನ ಕರ್ಮವೇ! ಆ ಸ್ಪಂಜಿಗೋಸ್ಕರ ಅಲ್ವೇನಮ್ಮಾ ಆ ಚಡ್ಡಿ ತಗೊಂಡಿದ್ದು! ಎಲ್ಲಿದೆ ಅದು?"

"ಹೋಟೆಲಿನ ಕಸದ ಬುಟ್ಟೀಲಿ."

ಮಗಳು ರಸ್ತೆಯ ಅಂಚಿನಲ್ಲೇ ಕುಕ್ಕರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಗೈಡಿಗೂ ಹೇಳಿದಳು, ಅವನೂ ನಕ್ಕ. ಮೂವತ್ತು ಊರಿನ ಮದುವೆ ಬಟ್ಟೆ ಹೊಲಿದ ಕೈಗೆ ಇಂಥ ಅವಮಾನ ಹಿಂದೆಂದೂ ಆಗಿರಲಿಲ್ಲ. ಟೈಲರಮ್ಮನ ಕಿವಿ ಕೆಂಪಾಯಿತು. ಸೀದಾ ಹೋಗಿ ವ್ಯಾನು ಹತ್ತಿ ಬಾಗಿಲೆಳೆದುಕೊಂಡಳು.

ಮಗಳಿಗೆ ಹೋದ ಜೀವ ಬಂದಂತಾಯಿತು. ಗೈಡು ಅಮ್ಮನ ಸೈಕಲ್ಲನ್ನು ವ್ಯಾನಿನ ಹಿಂಬದಿಗೆ ಕಟ್ಟತೊಡಗಿದ. ಎರಡನೇ ಗಂಟು ಬಿಗಿಯುವ ಹೊತ್ತಿಗೆ ಒಳಗಿನಿಂದ ಪರ್ರನೆ ಬಟ್ಟೆ ಹರಿದ ಸದ್ದು ಬಂತು. ಆಮೇಲೆ ಕಾಲು ಗಂಟೆ ಸದ್ದೇ ಇಲ್ಲ. ಬಾಗಿಲು ತೆರೆದಾಗ ಟೈಲರಮ್ಮನ ಬಾಯಲ್ಲಿ ಎಂದೂ ಜೊತೆ ಬಿಡದ ಸೂಜಿ, ಕೈಯಲ್ಲಿ ಹತ್ತಿ ಸುರಿಯುತ್ತಿದ್ದ ಅರ್ಧ ದಿಂಬು. ಉಳಿದರ್ಧ ಎಲ್ಲಿ ಎಂದು ಕೇಳುವ ಅಗತ್ಯವಿರಲಿಲ್ಲ, ನಡೆಯುವಾಗಲೇ ಕಾಣುತ್ತಿತ್ತು.

"ಬಿಚ್ಚು ಅಂತ ಹೇಳು ಅವನಿಗೆ. ನನ್ನ ಸೈಕಲ್ಲು ಇಳಿಸಲಿ."

ಗೈಡು ಆಗದೆಂದು ತಲೆಯಾಡಿಸಿದ, ಬೆರಳೆತ್ತಿ ವ್ಯಾನು ತೋರಿಸಿದ. "ಹತ್ತಿದ ಮೇಲೆ ಮುಗೀತಂತಮ್ಮ," ಎಂದಳು ಮಗಳು. "ನಿಯಮ ನಿಯಮವೇ ಅಂತೆ."

"ಎಲಾ ಇವನ! ಅಲ್ಲಾಡದೆ ನಿಂತ ಗಾಡಿ ಹತ್ತಿದ್ರೆ ಅದು ಪ್ರಯಾಣ ಹೇಗಾಗುತ್ತೆ? ಬಟ್ಟೆ ಬದಲಾಯಿಸೋಕೆ ನಾನೇನು ನಡುಬೀದೀಲಿ ನಿಲ್ಬೇಕಿತ್ತಾ? ಕೇಳು, ಹಾಗೇ ಕೇಳು!"

ಮಗಳು ಹಾಗೇ ಕೇಳಿದಳು. ಗೈಡು ದಿಂಬು ನೋಡಿದ, ಹೊಲಿಗೆ ಕಡೆ ಕಣ್ಣು ಹಾಯಿಸಿ ಮರ್ಯಾದೆಗೆ ಬೇರೆ ಕಡೆ ತಿರುಗಿದ, ಕೊನೆಗೆ ಹಗ್ಗ ಬಿಚ್ಚಿದ. ಬಿಚ್ಚುತ್ತಲೇ ಏನೋ ಹೇಳಿದ.

"ಮುಂದೆ ಏಳು ಕಿಲೋಮೀಟರ್ ಬರೀ ಏರು ಅಂತೆ." ಮಗಳು ಸೈಕಲ್ಲಿನ ಹ್ಯಾಂಡಲ್ಲು ಹಿಡಿದುಕೊಂಡಳು. "ಅಮ್ಮಾ, ನಂಗೆ ಭಯ ಆಗುತ್ತೆ ಕಣಮ್ಮ. ಕಾಣದ ದೇಶ, ನಿಂಗೇನಾದ್ರೂ ಆದ್ರೆ ನಾನು ಯಾರನ್ನ ಕರೀಲಿ? ಈ ವಯಸ್ಸಲ್ಲಿ ಇಷ್ಟು ಹಟ ಯಾಕೆ ಅಂತ ಅವನೂ ಕೇಳ್ತಿದಾನೆ. ಏನ್ ಹೇಳ್ಲಿ?"

ಟೈಲರಮ್ಮ ಅವಳ ಕೈಯಿಂದ ಹ್ಯಾಂಡಲ್ಲು ಕಿತ್ತುಕೊಂಡಳು, ಕಾಲು ಎತ್ತಿ ಹಾಕಿದಳು, ಕೂತು ನೋಡಿದಳು. ಮುಖ ಸ್ವಲ್ಪ ಕಿವುಚಿಕೊಂಡಿತು. ಆದರೆ ಏಳಲಿಲ್ಲ.

"ನಲವತ್ತು ವರ್ಷ ಹೊಲಿಗೆ ಮೆಷಿನ್ನು ತುಳಿದೆ ಅಂತ ಹೇಳು. ಮೊಣಕಾಲು ಸವೆದುಹೋಯ್ತು, ಎದುರಿಗಿದ್ದ ಗೋಡೆ ಮಾತ್ರ ಅಲ್ಲೇ ಇತ್ತು. ಇವತ್ತು ತುಳಿದ್ರೆ ಮುಂದೆ ಹೋಗ್ತಿದೀನಿ ಕಣೇ. ಇಳೀತೀನಾ?"