ಬುರುಲ್ ಮುದುಕಿಯ ಹೊಗೆ

“ಅತ್ತೇ, ನಿಮ್ಮ ಒಲೆಯ ಹೊಗೆ ನೆಟ್ಟಗೆ ಯಂತ್ರದ ಬಾಯಿಗೇ ಹೋಗ್ತಿದೆ!” ಮೇರಿಮ್ ಅಂಗಳದಿಂದಲೇ ಕೂಗಿದಳು.

“ಹೋಗ್ಲಿ ಬಿಡೇ, ಅದಕ್ಕೂ ಚಳಿ ಆಗಲ್ವಾ?” ಎಂದು ಒಳಗಿನಿಂದಲೇ ಹೇಳಿ ಬುರುಲ್ ಮುದುಕಿ ಒಲೆಗೆ ಇನ್ನೊಂದು ಸಲಿಕೆ ಕಲ್ಲಿದ್ದಲು ಸುರಿದಳು.

ಮೇರಿಮ್‌ಗೆ ನಗು ಬರಲಿಲ್ಲ. ಬಿಷ್ಕೆಕ್ ನಗರದ ಗಾಳಿಯಲ್ಲಿ ಮಸಿ ಎಷ್ಟು, ವಿಷಾನಿಲ ಎಷ್ಟು ಎಂದು ಅಳೆಯುವುದು ಅವಳ ಕೆಲಸ. ಊರಂಚಿನ ಈ ಬಡಾವಣೆಯಲ್ಲಿ ಯಂತ್ರ ಕೂರಿಸಲು ಯಾರೂ ಜಾಗ ಕೊಡದಿದ್ದಾಗ ತನ್ನ ಅಂಗಳದಲ್ಲೇ ಕೂರಿಸಿಕೊಂಡವಳು. ಹನ್ನೆರಡು ಚಳಿಗಾಲದ ಲೆಕ್ಕ ಸೇರಿತ್ತು, ಒಂದಕ್ಕಿಂತ ಒಂದು ಕಪ್ಪು. ಈಗ ಯಾರೋ ಹೊಸ ಸಾಹೇಬ ಬಂದು, ಇದು ಬಡಾವಣೆಯ ಗಾಳಿಯಲ್ಲ, ನಿಮ್ಮತ್ತೆಯ ಒಲೆಯ ಹೊಗೆ, ಲೆಕ್ಕವಷ್ಟನ್ನೂ ಕಸಕ್ಕೆ ಹಾಕುತ್ತೇನೆ ಎಂದು ಕೂತಿದ್ದ. ಅದನ್ನೇ ಅತ್ತೆಗೆ ಹೇಳಿದಳು.

“ಅಷ್ಟೂ ವರ್ಷದ್ದಾ?” ಮುದುಕಿಯ ಮುಖ ಸಣ್ಣಗಾಯಿತು. “ಹಿಮ ಬಿದ್ದಾಗಲೆಲ್ಲ ಅದರ ತಲೆ ಒರೆಸಿದ್ದು ನಾನು ಕಣೇ. ಅವನಪ್ಪ ಬಂದು ಒರೆಸಿದ್ನಾ?”

“ಇವತ್ತೊಂದು ರಾತ್ರಿ ಹೊಗೆ ಬರದ ಹಾಗೆ ನೋಡ್ಕೊಳ್ಳಿ ಅತ್ತೆ. ಕರೆಂಟಿನ ಹೀಟರ್ ಇದೆಯಲ್ಲ.”

“ಕರೆಂಟ್ ಇದ್ರೆ ತಾನೇ ಹೀಟರ್ರು? ಹೋಗು, ನಿನ್ನ ಪಾಳಿಗೆ ಹೊತ್ತಾಯ್ತು. ನಾನೆಲ್ಲ ನೋಡ್ಕೋತೀನಿ.”

ಕಚೇರಿಗೆ ಹೋದವಳೇ ಮೇರಿಮ್, “ಇವತ್ತು ರಾತ್ರಿ ನಮ್ಮ ಒಲೆ ಹೊಗೆಯಾಡಲ್ಲ, ಸಾರ್. ಲೆಕ್ಕ ಇಳಿಯುತ್ತೋ ಇಲ್ವೋ ನೀವೇ ನೋಡಿ” ಎಂದು ಸಾಹೇಬನಿಗೆ ಸವಾಲು ಹಾಕಿದಳು.

ಬೆಳಿಗ್ಗೆ ಪಾಳಿ ಮುಗಿಸಿ ಬರುವಾಗ ಬೀದಿಯ ಎಲ್ಲ ಮನೆಗಳೂ ಹೊಗೆ ಕಾರುತ್ತಿದ್ದವು. ಅವಳ ಮನೆಯದೊಂದೇ ಸುಮ್ಮನಿತ್ತು. ಅಬ್ಬಾ, ಮುದುಕಿ ಒಂದು ಸಲವಾದರೂ ಹೇಳಿದ ಮಾತು ಕೇಳಿತಲ್ಲ ಎಂದು ಹಿಗ್ಗುತ್ತ ಬಾಗಿಲು ತೆರೆದಳು.

ಬುರುಲ್ ಒಲೆಯ ಪಕ್ಕದಲ್ಲೇ ಮಲಗಿದ್ದಳು. ಕೆನ್ನೆ ಎಂದೂ ಇಲ್ಲದಷ್ಟು ಕೆಂಪಗಿತ್ತು. ಮುಟ್ಟಿದರೆ ಮೈ ತಣ್ಣಗೆ ಕೊರೆಯುತ್ತಿತ್ತು. ಕರೆಂಟ್ ಹೋಗಿತ್ತು. ಕೆಂಡ ಆರಿದ ಮೇಲೆ ಶಾಖ ಉಳಿಯಲೆಂದು ಹೊಗೆಕೊಳವೆಯ ತಗಡು ಎಳೆದು ಮುಚ್ಚುವುದು ಆ ಬೀದಿಯಲ್ಲಿ ಎಲ್ಲರ ರೂಢಿ. ಮುದುಕಿ ಕೆಂಡ ನಿಗಿನಿಗಿ ಉರಿಯುವಾಗಲೇ ಅದನ್ನು ಎಳೆದುಬಿಟ್ಟಿದ್ದಳು. ಕೆಂಡದ ವಿಷಾನಿಲ ಮನೆಯೊಳಗೇ ತುಂಬಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲವನ್ನು ಹನ್ನೆರಡು ವರ್ಷ ಅಳೆದವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಮುಚ್ಚಿ ಅಂತ ನಾನು ಹೇಳಿದ್ನಾ ಅತ್ತೆ? ಹೇಳಿದ್ನಾ?” ಎಂದು ಅವಳು ಎದೆ ಬಡಿದುಕೊಂಡು ಅತ್ತಳು.

ಮಧ್ಯಾಹ್ನದ ಹೊತ್ತಿಗೆ ಸಾವಿನ ರೂಢಿಯಂತೆ ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದು, ಒಳಗೆ ಹೆಣದ ಬಳಿ ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರು. ಬಂದವರಿಗೆಲ್ಲ ಮಾಂಸ ಬೇಯಿಸಲು ನೆರೆಯ ಗಂಡಸರು ದೊಡ್ಡ ಕೊಪ್ಪರಿಗೆ ಹೊತ್ತು ತಂದರು. ಆಗಲೇ ಮೇರಿಮ್‌ನ ಫೋನು ಬಡಿದುಕೊಂಡಿತು. ಸಾಹೇಬನಿಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ.

“ಮೇರಿಮ್, ನೀವೇ ಗೆದ್ರಿ ಕಣ್ರೀ! ನಿಮ್ಮ ಒಲೆ ಆರಿಸಿದ್ರೂ ಲೆಕ್ಕ ಕೂದಲೆಳೆಯಷ್ಟೂ ಇಳಿದಿಲ್ಲ. ಹನ್ನೆರಡು ವರ್ಷದ್ದೂ ಉಳೀತು. ಒಂದೊಲೆಯಿಂದ ಏನಾಗುತ್ತೆ ಹೇಳಿ, ನಂದೇ ತಪ್ಪು.”

ಅವಳು ಫೋನು ಕೆಳಗಿಟ್ಟಳು. ಕೊಪ್ಪರಿಗೆ ಹೊತ್ತವರು ಯಂತ್ರದ ಹತ್ತಿರ ಬಂದು ಅನುಮಾನಿಸಿ ನಿಂತಿದ್ದರು.

“ಆಚೆ ಬೀದಿಗೆ ಒಯ್ಯೋಣ್ವಾ ತಾಯೀ? ನಿನ್ನ ಯಂತ್ರಕ್ಕೆ ಹೊಗೆ ತಾಗುತ್ತೆ” ಎಂದು ಅವರಲ್ಲಿ ಹಿರಿಯನೊಬ್ಬ ಕೇಳಿದ.

“ಅಲ್ಲೇ ಹಚ್ಚಿ,” ಎಂದಳು ಮೇರಿಮ್. “ಒಂದೊಲೆಯಿಂದ ಏನೂ ಆಗಲ್ವಂತೆ.”